ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವನು

ದಕ್ಷಿಣ ವೇಲ್ಸಿನ ಒಂದು ಕಣಿವೆ ಊರಿನ ಗ್ರಂಥಾಲಯ. ಬಾಗಿಲ ಪಕ್ಕದ ಫಲಕದಲ್ಲಿ ಯೋಗ ತರಗತಿಯ ಚೀಟಿಗೂ ಕಳೆದುಹೋದ ಬೆಕ್ಕಿನ ಚಿತ್ರಕ್ಕೂ ನಡುವೆ ಒಂದು ಕಪ್ಪು ಬಿಳುಪು ಫೋಟೊ ಅಂಟಿಸಿದ್ದಾರೆ. 1958ರ ಪ್ರಾಥಮಿಕ ಶಾಲೆಯ ಒಂದು ತರಗತಿ. ಮೂರು ಸಾಲು, 34 ತಲೆ. ಕೆಳಗೆ 33 ಹೆಸರು. ಅದರಡಿ ದಪ್ಪಕ್ಷರದಲ್ಲಿ ಒಂದೇ ಪ್ರಶ್ನೆ: ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯ ಹುಡುಗ ಯಾರು? ಗೊತ್ತಿದ್ದವರು ಕೌಂಟರಿನಲ್ಲಿ ಹೇಳಿ ಹೋಗಿ.

ಆ ಹುಡುಗ ಮುಂದೆ ಮಂತ್ರಿಯಾದವನಲ್ಲ, ರಗ್ಬಿಯಲ್ಲಿ ದೇಶಕ್ಕೆ ಆಡಿದವನೂ ಅಲ್ಲ. ಆಗಿದ್ದರೆ ಹೆಸರು ಹುಡುಕಬೇಕಿರಲಿಲ್ಲ. ಅಂಗಿಯ ಕಾಲರಿನ ಒಂದು ಕಿವಿ ಸ್ವೆಟರಿನ ಒಳಗಿದೆ, ಇನ್ನೊಂದು ಹೊರಗಿದೆ. ಅಷ್ಟು ಬಿಟ್ಟರೆ ಅವನಲ್ಲಿ ವಿಶೇಷವೇನೂ ಇಲ್ಲ.

ಅದೇ ವಾರ ಊರ ಕಡೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪಿಡಿಎಫ್ ಬಂದಿತ್ತು. ಸಾಗರ ಸೀಮೆಯ ಸರ್ಕಾರಿ ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆ. ಮೊದಲ ಪುಟಗಳೆಲ್ಲ ಶುಭ ಸಂದೇಶ, ಒಬ್ಬೊಬ್ಬರದೂ ಲೆಟರ್‌ಹೆಡ್ ಸಮೇತ. ಆಮೇಲೆ ಅಡಿಕೆ ಮಂಡಿ, ಗೊಬ್ಬರದಂಗಡಿ, ಸೊಸೈಟಿಯ ಜಾಹೀರಾತು. ನಡುವೆಲ್ಲೋ ಒಂದು ಹಳೆಯ ಗುಂಪು ಫೋಟೊ. ಕೆಳಗೆ 'ಕುಳಿತವರು ಎಡದಿಂದ ಬಲಕ್ಕೆ' ಅಂತ ಏಳು ಹೆಸರು, ಹುದ್ದೆ ಸಹಿತ. ಅದಾದ ಮೇಲೆ 'ನಿಂತವರು: ವಿದ್ಯಾರ್ಥಿಗಳು'. ಮುಗಿಯಿತು. ನೂರು ವರ್ಷದ ಶಾಲೆ, ಅದರ ಮಕ್ಕಳ ಪಾಲಿಗೆ ಬಂದದ್ದು ಒಂದು ಬಹುವಚನ.

ಹೊರದೇಶದಲ್ಲಿದ್ದವರು ರಸ್ತೆ, ಆಸ್ಪತ್ರೆ, ಕ್ಯೂ ಅಂತ ಹೋಲಿಸಿ ಊರವರ ತಲೆ ತಿನ್ನುವುದು ಇದ್ದದ್ದೇ. ನನಗೆ ಚುಚ್ಚಿದ್ದು ಅದ್ಯಾವುದೂ ಅಲ್ಲ, ಈ ಎರಡು ಫೋಟೊ. ಇವರು ನಿಂತವನ ಹೆಸರಿಗಾಗಿ ಊರೆಲ್ಲ ಕೇಳುತ್ತಾರೆ. ನಾವು ಕೂತವರಿಗೆ ಹಾರ ಹಾಕಿ ಫೋಟೊವನ್ನು ಬೀರುವಿನ ಮೇಲಕ್ಕೆ ಎಸೆಯುತ್ತೇವೆ.

ಹುಡುಕುವುದೆಂದರೆ ಇಲ್ಲಿ ಸುಮ್ಮನೆ ಬಾಯಿಗೆ ಬಂದದ್ದನ್ನು ಬರೆದುಕೊಳ್ಳುವುದಲ್ಲ. ಇಂಗ್ಲೆಂಡಿನಲ್ಲಾಗಲಿ ವೇಲ್ಸಿನಲ್ಲಾಗಲಿ ಸಣ್ಣಪುಟ್ಟ ಊರಿಗೂ ಒಂದು ಇತಿಹಾಸ ಸಂಘವಿರುತ್ತದೆ. ಸದಸ್ಯರು ಬಹುಪಾಲು ನಿವೃತ್ತರು. ಚಾಪೆಲ್ಲಿನ, ಅಂದರೆ ಊರ ಪ್ರಾರ್ಥನಾ ಮಂದಿರದ, ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತಾರೆ, ಚಹಾ ಮತ್ತು ಬಿಸ್ಕತ್ತು ಕಡ್ಡಾಯ. ಫೋಟೊ ಕೈಗೆ ಬಂದರೆ ಮೊದಲು ಅದರ ಬೆನ್ನು ನೋಡುತ್ತಾರೆ: ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಸಂಖ್ಯೆ ಏನಾದರೂ ಇದೆಯೇ ಅಂತ. ಆಮೇಲೆ 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್. ಅಂಗೈಗಿಂತ ಚಿಕ್ಕ ಫೋಟೊವಾದರೆ 1200. ಉಳಿಸುವುದು ಟಿಫ್ ಕಡತವಾಗಿ, ಏಕೆಂದರೆ ಜೆಪೆಗ್ ಅನ್ನು ತಿದ್ದಿ ಉಳಿಸಿದಷ್ಟು ಸಲವೂ ಒಂದಿಷ್ಟು ವಿವರ ಸೋರಿಹೋಗುತ್ತದೆ. ದೊಡ್ಡದಾಗಿ ಮುದ್ರಿಸಿದ ಪ್ರತಿಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ತಲೆಗಳ ಹೊರಗೆರೆ ಮಾತ್ರ ಎಳೆದು ಒಂದೊಂದಕ್ಕೂ ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಯಾಕೆಂದರೆ ಎಡ ಅಂದರೆ ನೋಡುವವರ ಎಡವೋ ನಿಂತವರ ಎಡವೋ ಅನ್ನುವ ಗೊಂದಲ. ಮೊದಲ ಸಾಲು ಅಂದರೆ ಮುಂದಿನದೋ ಹಿಂದಿನದೋ ಅನ್ನುವ ಇನ್ನೊಂದು ಗೊಂದಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಚಿಕ್ಕ ಮಕ್ಕಳನ್ನು ಸಾಲೆಂದೇ ಲೆಕ್ಕಕ್ಕೆ ಹಿಡಿಯದೆ ಎಲ್ಲ ಹೆಸರೂ ಒಂದು ಸಾಲು ಜಾರಿದ್ದುಂಟು.

ಮುಖ ಗುರುತಿಸುವವರನ್ನು ಗುಂಪಾಗಿ ಕೂರಿಸುವುದಿಲ್ಲ. ಗುಂಪಿನಲ್ಲಿ ಗಟ್ಟಿ ದನಿಯವರು ಗೆಲ್ಲುತ್ತಾರೆ. ಒಬ್ಬರು "ಇವನು ಬೇಕರಿಯವರ ಎರಡನೇ ಮಗ" ಅಂದರೆ ಸಾಕು, ಉಳಿದ ಐದು ಜನರಿಗೂ ಹಾಗೇ ಕಾಣತೊಡಗುತ್ತದೆ. ಒಬ್ಬೊಬ್ಬರಿಗೇ ತೋರಿಸಬೇಕು, ಹಿಂದಿನವರು ಏನೆಂದರು ಅಂತ ಹೇಳಬಾರದು. ಇಬ್ಬರು ಬೇರೆಬೇರೆಯಾಗಿ ಒಂದೇ ಹೆಸರು ಹೇಳಿದರೆ ಹೆಸರು ನಿಂತಿತು. ಒಬ್ಬರೇ ಹೇಳಿದರೆ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಅತಿ ಹೆಚ್ಚು ತಪ್ಪಾಗುವುದು ಒಂದೆರಡು ವರ್ಷ ಅಂತರದ ಅಣ್ಣ-ತಮ್ಮಂದಿರಲ್ಲಿ, ಅದೂ ಅಣ್ಣನ ಸ್ವೆಟರು ತಮ್ಮನಿಗೆ ಬಂದಿದ್ದರೆ. ಅಂಥಲ್ಲಿ ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕವೇ ಗತಿ. ಹೆಣ್ಣುಮಕ್ಕಳಿಗೆ ತವರಿನ ಹೆಸರು, ಮದುವೆಯ ನಂತರದ ಹೆಸರು ಎರಡನ್ನೂ ಬರೆಯಲೇಬೇಕು. ಒಂದನ್ನೇ ಬರೆದರೆ ಅರ್ಧ ತರಗತಿ ಮುಂದಿನ ದಾಖಲೆಗಳಲ್ಲಿ ಕಾಣೆಯಾಗುತ್ತದೆ.

ಬೆನ್ನಿನ ಮೇಲೆ ಬರೆಯುವುದಕ್ಕೂ ಒಂದು ಕ್ರಮವಿದೆ. ಹಳೆಯ ಕಾಗದದ ಫೋಟೊ ಆದರೆ 2ಬಿ ಪೆನ್ಸಿಲು, ಅಂಚಿನ ಹತ್ತಿರ, ಮೆಲ್ಲಗೆ. ಬಾಲ್‌ಪೆನ್ನು ಒತ್ತಿ ಬರೆದರೆ ಗೀರು ಮುಖದ ಮೇಲೆ ಎದ್ದು ಕಾಣುತ್ತದೆ. 1970ರ ದಶಕದಿಂದ ಈಚಿನ ಪ್ಲಾಸ್ಟಿಕ್ ಲೇಪದ ಫೋಟೊಗಳಿಗೆ ಪೆನ್ಸಿಲು ಹತ್ತುವುದೇ ಇಲ್ಲ, ಅವಕ್ಕೆ ಲಕೋಟೆಯ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಬೇಕು. ಸೆಲ್ಲೋಟೇಪು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು ಮೂರೂ ನಿಷಿದ್ಧ. ನಮ್ಮಲ್ಲಿ ಈ ಮೂರಕ್ಕಿಂತ ದೊಡ್ಡ ಪಿಡುಗು ಒಂದಿದೆ: ಲ್ಯಾಮಿನೇಷನ್. ಹಳೆಯ ಫೋಟೊ, ಜಾತಕ, ಅಜ್ಜನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಏನು ಸಿಕ್ಕಿದರೂ ಪ್ರೀತಿಯಿಂದ ಒಯ್ದು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಬಿಡುತ್ತೇವೆ. ಬಿಸಿಗೆ ಕರಗಿದ ಆ ಅಂಟನ್ನು ಆಮೇಲೆ ಹಾನಿಯಿಲ್ಲದೆ ಬಿಡಿಸುವುದು ಆಗದ ಮಾತು.

ಫಲಕದ 33 ಹೆಸರುಗಳನ್ನು ಓದಿದರೆ ಇನ್ನೊಂದು ತಮಾಷೆ. ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್, ಥಾಮಸ್. ಇವೇ ತಿರುಗಾ ಮುರುಗಾ. ವೇಲ್ಸಿನವರಿಗೆ ಮೊದಲು ಮನೆತನದ ಹೆಸರೇ ಇರಲಿಲ್ಲ. ಇಂಥವನ ಮಗ ಇಂಥವನು, ನಡುವೆ 'ಆಪ್' ಅನ್ನುವ ಶಬ್ದ, ಅಷ್ಟೇ. 1536 ಮತ್ತು 1543ರ ಕಾಯ್ದೆಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಸೇರಿಸಿದ ಮೇಲೆ ಮೆಲ್ಲಮೆಲ್ಲಗೆ ಅಪ್ಪನ ಹೆಸರೇ ಮನೆತನದ ಹೆಸರಾಗಿ ಗಟ್ಟಿಯಾಯಿತು. ಅಪ್ಪಂದಿರ ಹೆಸರೇ ಹತ್ತಿಪ್ಪತ್ತು ಇದ್ದದ್ದರಿಂದ ಊರು ತುಂಬ ಜೋನ್ಸರು. ಹಾಗಾಗಿ ಹಾಲಿನ ಜೋನ್ಸ್, ಅಂಚೆಯ ಜೋನ್ಸ್ ಅಂತ ಕಸುಬು ಸೇರಿಸಿ ಕರೆಯುವುದು. ಹಳ್ಳಿಯ ಕಡೆ ಮನೆಯ ಹೆಸರು ಸೇರಿಸುವುದು. ತೋಟದ ಮನೆಗಳಿಗೆ ಬಹಳ ಕಡೆ ಇರುವ ಒಂದು ಹೆಸರು 'ಟೀ ಇಸಾವ್'. ಅರ್ಥ ಏನು ಗೊತ್ತೇ? ಕೆಳಗಿನಮನೆ. ಮಲೆನಾಡಿನ ಕೆಳಗಿನಮನೆ ಗಣಪತಣ್ಣನನ್ನು ತಂದು ಇಲ್ಲಿಟ್ಟರೆ ವಿಳಾಸ ಬದಲಿಸುವ ಅಗತ್ಯವೇ ಇಲ್ಲ.

ಫೋಟೊದ ಹೆಸರು ಬರೆಯುವ ಪಟ್ಟಿಯಲ್ಲಿ ಇವರ ಮೂರನೆಯ ಕಾಲಂ ಇದಕ್ಕೇ ಮೀಸಲು. ಸಂಖ್ಯೆ, ಹೆಸರು, ಕರೆಯುತ್ತಿದ್ದ ಹೆಸರು. ನಮ್ಮ ಶಾಲೆಯ ದಾಖಲೆಯಲ್ಲಿ ಇರುವುದು ಇನಿಷಿಯಲ್ಲು. ಕೆ. ಎನ್. ಗಣಪತಿ ಅಂತ ಬರೆದು ಐವತ್ತು ವರ್ಷವಾದ ಮೇಲೆ ಆ 'ಕೆ' ಕೆಳಗಿನಮನೆಯೋ ಕಾನ್ಲೆ ಊರೋ ಯಾರು ಹೇಳಬೇಕು?

ಫೋಟೊ ಮುಗಿದ ಮೇಲೆ ನೆನಪಿನ ಧ್ವನಿಮುದ್ರಣ. ಇಲ್ಲಿ ಇವರ ಕಸುಬುದಾರಿಕೆ ಇನ್ನೂ ನಿಚ್ಚಳ. ಕೂರುವುದು ಸಾಮಾನ್ಯವಾಗಿ ಅಡುಗೆಮನೆಯಲ್ಲಿ, ಆದರೆ ಮೊದಲು ಫ್ರಿಜ್ಜು ಆಫ್ ಆಗಬೇಕು, ಗೋಡೆ ಗಡಿಯಾರ ಹೊರಗೆ ಹೋಗಬೇಕು. ಮಾತಾಡುವಾಗ ಕಿವಿಗೆ ಬೀಳದ ಫ್ರಿಜ್ಜಿನ ಗುಂಯ್‌ಗುಡುವಿಕೆ ರೆಕಾರ್ಡಿನಲ್ಲಿ ಜೇನುಗೂಡಿನಂತೆ ಕೇಳುತ್ತದೆ. ಫ್ರಿಜ್ಜನ್ನು ಮತ್ತೆ ಹಾಕಲು ಮರೆತು ಅಜ್ಜಿಯ ಮೀನು ಕೆಡದಿರಲಿ ಅಂತ ಸಂದರ್ಶಕ ತನ್ನ ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುವುದು ಈ ಕಸುಬಿನ ಹಳೆಯ ಉಪಾಯ. ಮುದ್ರಣ ವೇವ್ ಕಡತದಲ್ಲಿ, 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊ ಒಂದು ಗಂಟೆಗೆ ಸುಮಾರು 1 ಜಿಬಿ. ಒಂದೂವರೆ ಗಂಟೆ ದಾಟಿಸಬಾರದು. ದಾಟಿದರೆ ಹೇಳುವವರು ಸುಸ್ತಾಗಿ "ಹೌದು, ಹಾಗೇ ಇತ್ತು" ಅನ್ನತೊಡಗುತ್ತಾರೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಆರೆಂಟು ಗಂಟೆ ಬೇಕು. ನೂರು ಜನರ ಸಂದರ್ಶನ ಮಾಡುತ್ತೇವೆ ಅಂತ ಹೊರಟ ಸಂಘಗಳು ಮುಗ್ಗರಿಸುವುದು ಇಲ್ಲೇ. ಮುದ್ರಣವಾಗಿರುತ್ತದೆ, ಕೇಳಿ ಬರೆಯುವವರು ಇರುವುದಿಲ್ಲ. ಇನ್ನು ಸಹಿ. ಇಲ್ಲಿಯ ಕಾನೂನಿನಲ್ಲಿ ಆಡಿದ ಮಾತಿನ ಹಕ್ಕು ಆಡಿದವರದು, ಧ್ವನಿಮುದ್ರಣದ ಹಕ್ಕು ಮುದ್ರಿಸಿದವರದು. ಎರಡೂ ಕಾಗದ ಆ ದಿನವೇ ಆಗದಿದ್ದರೆ ಹೇಳಿದವರು ತೀರಿಕೊಂಡ ಮೇಲೆ ಮಕ್ಕಳ ಹಿಂದೆ ಅಲೆಯಬೇಕಾಗುತ್ತದೆ.

"ನಿಮ್ಮ ಬಾಲ್ಯ ಹೇಗಿತ್ತು?" ಅಂತ ಕೇಳಬಾರದು. ಕೇಳಿದರೆ ಬರುವ ಉತ್ತರ ವೇಲ್ಸಿನಲ್ಲೂ ಒಂದೇ, ಹೊಸನಗರದಲ್ಲೂ ಒಂದೇ: ಬಡತನ ಇತ್ತು, ಆದರೆ ನೆಮ್ಮದಿ ಇತ್ತು. ಅಲ್ಲಿಗೆ ಮಾತು ಮುಗಿದಂತೆ. ಕೇಳಬೇಕಾದದ್ದು, ಮನೆ ಬಾಗಿಲಿನಿಂದ ಶಾಲೆಯ ಗೇಟಿನ ತನಕ ನಡೆಸಿಕೊಂಡು ಹೋಗಿ, ಎಡಗಡೆ ಯಾರ್‍ಯಾರ ಮನೆ? ಸೋಮವಾರ ಬಟ್ಟೆ ಒಗೆದು ಹಾಕಿದಾಗ ಗಣಿಯ ಕಡೆಯಿಂದ ಗಾಳಿ ಬೀಸಿದರೆ ಅಮ್ಮ ಏನು ಮಾಡುತ್ತಿದ್ದರು? ಅಪ್ಪ ಬೆಂಕಿಯ ಮುಂದೆ ತಗಡಿನ ತೊಟ್ಟಿಯಲ್ಲಿ ಮೈ ತೊಳೆಯುವಾಗ ನೀರು ಯಾರು ಹೊರುತ್ತಿದ್ದರು? ಹೊಸ ವರ್ಷದ ಬೆಳಿಗ್ಗೆ ಕಲೆನಿಗ್ ಬೇಡಲು ಎಷ್ಟು ಮನೆಗೆ ಹೋಗುತ್ತಿದ್ದಿರಿ? ಕಲೆನಿಗ್ ಅಂದರೆ ಒಂದು ಸೇಬಿಗೆ ಮೂರು ಕಡ್ಡಿಯ ಕಾಲು, ಮೈಗೆ ಲವಂಗ, ನೆತ್ತಿಗೆ ಹಸಿರೆಲೆ ಸಿಕ್ಕಿಸಿ, ಹಾಡಿ ಕಾಸು ಕೇಳುವುದು. ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಬೇಕು. ಆಮೇಲೆ ಹೋದವರಿಗೆ ಕಾಸಿಲ್ಲ, ಬೈಗುಳವೇ ಗತಿ. ಇಂಥ ಪ್ರಶ್ನೆಗೆ ಬೀದಿಯ ಹೆಸರು, ನಾಯಿಯ ಹೆಸರು, ಸಾಲದ ಲೆಕ್ಕ ಎಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನೆನಪು ಸುಳ್ಳನ್ನೂ ಹೇಳುತ್ತದೆ, ಬೇಕೆಂದೇ ಅಲ್ಲ. ಅದಕ್ಕೆ ಇವರ ಬಳಿ ತಾಳೆ ನೋಡುವ ಗೂಟಗಳಿವೆ. "ನಾನು ಐದು ವರ್ಷದವನಿದ್ದಾಗ ಹಿಮ ಬಾಗಿಲ ಮಟ್ಟ ಬಿದ್ದಿತ್ತು" ಅಂದರೆ ಅದು 1947ರ ಜನವರಿ ಕೊನೆಯಿಂದ ಮಾರ್ಚಿನ ತನಕದ ಹಿಮವೋ, 1962ರ ಕ್ರಿಸ್‌ಮಸ್ ಮರುದಿನ ಶುರುವಾದದ್ದೋ? ಇಬ್ಬರಲ್ಲಿ ಒಬ್ಬರು ಈ ಎರಡು ಚಳಿಗಾಲವನ್ನು ಕಲಸಿಬಿಟ್ಟಿರುತ್ತಾರೆ. ಬೇಕಾದಷ್ಟು ಮಿಠಾಯಿ ಕೊಳ್ಳುತ್ತಿದ್ದೆವು ಅಂದರೆ ಅದು 1953ರ ಫೆಬ್ರುವರಿ 5ರ ನಂತರದ ಮಾತು, ಅಲ್ಲಿಯ ತನಕ ಮಿಠಾಯಿಗೂ ರೇಷನ್ನು. 1949ರಲ್ಲಿ ಕೆಲವು ತಿಂಗಳು ರೇಷನ್ನು ತೆಗೆದು, ಜನ ಮುಗಿಬಿದ್ದರೆಂದು ಮತ್ತೆ ಹಾಕಿದರು. ಕಾಲು ಪೆನ್ನಿಯ ಫಾರ್ದಿಂಗ್ ನಾಣ್ಯದ ಮಾತು ಬಂದರೆ 1960ರ ಡಿಸೆಂಬರಿನ ಈಚೆಗಲ್ಲ. ಶಾಲೆಯಲ್ಲಿ ಪುಟ್ಟ ಬಾಟಲಿಯ ಉಚಿತ ಹಾಲು ಏಳು ವರ್ಷ ದಾಟಿದವರಿಗೂ ಸಿಗುತ್ತಿತ್ತು ಅಂದರೆ 1971ಕ್ಕಿಂತ ಹಿಂದೆ.

ನಮ್ಮಲ್ಲೂ ಗೂಟಗಳಿಗೇನು ಬರವೇ? ಧಾತು ಈಶ್ವರ ಬರ, ಪ್ಲೇಗಿಗೆ ಊರು ಬಿಟ್ಟದ್ದು, 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದದ್ದು, ಎಮರ್ಜೆನ್ಸಿ. ಸಾಗರ, ಹೊಸನಗರದ ಹಿರಿಯರಿಗಂತೂ ಕಾಲವೇ ಎರಡು: ಶರಾವತಿ ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ. ಗೂಟ ಹುಗಿದಿದೆ, ಹಗ್ಗ ಕಟ್ಟುವವರಿಲ್ಲ.

ಮಕ್ಕಳ ಆಟದಲ್ಲಿ ಉಸಿರು ಕಟ್ಟಿ "ಸ್ವಲ್ಪ ತಾಳು, ನನ್ನನ್ನು ಹಿಡಿಯಬೇಡ" ಅನ್ನಲು ಒಂದು ಗುಟ್ಟಿನ ಶಬ್ದವಿರುತ್ತದಲ್ಲ, ಅದನ್ನೂ ಇವರು ಬಿಟ್ಟಿಲ್ಲ. ಅಯೋನಾ ಮತ್ತು ಪೀಟರ್ ಓಪಿ ಎಂಬ ದಂಪತಿ 1950ರ ದಶಕದಲ್ಲಿ ಮೇಷ್ಟರುಗಳ ಮೂಲಕ ಮಕ್ಕಳನ್ನೇ ಕೇಳಿ ನಕ್ಷೆ ಮಾಡಿದರು. ಲಂಡನ್ನಿನ ಕಡೆ 'ಫೇನೈಟ್ಸ್', ಈಶಾನ್ಯದಲ್ಲಿ 'ಸ್ಕಿಂಚ್', ವೇಲ್ಸಿನ ಗಡಿಯಲ್ಲಿ 'ಬಾರ್ಲಿ'. ಕುಂಟೆಬಿಲ್ಲೆ, ಲಗೋರಿ, ಚಿನ್ನಿದಾಂಡು ಆಡಿ ಬೆಳೆದ ನಮ್ಮ ನಾಡಿನಲ್ಲಿ ಬೀದರಿನ ಹುಡುಗ ಏನನ್ನುತ್ತಿದ್ದ, ಬಂಟ್ವಾಳದ ಹುಡುಗಿ ಏನನ್ನುತ್ತಿದ್ದಳು? ಈಗ ಕೇಳಿದರೆ ಎಲ್ಲರ ಬಾಯಲ್ಲೂ 'ಟೈಂ ಪ್ಲೀಸ್'.

ಇವರಿಗೆ ಇದೆಲ್ಲ ಸಾಧ್ಯವಾಗುವುದು ನೆನಪಿಗೆ ಒರಗಲು ಕಾಗದದ ಗೋಡೆ ಇರುವುದರಿಂದ. ಚರ್ಚಿನ ಪುಸ್ತಕ 1538ರಿಂದ, ಸರ್ಕಾರಿ ಜನನ ಮರಣ ನೋಂದಣಿ 1837ರಿಂದ. ಮನೆಮನೆಯ ಹೆಸರಿರುವ ಜನಗಣತಿ 1841ರಿಂದ. ನೂರು ವರ್ಷ ಮುಚ್ಚಿಟ್ಟು ಆಮೇಲೆ ಯಾರಿಗೆ ಬೇಕಾದರೂ ತೆರೆಯುತ್ತಾರೆ, 1921ರದು 2022ರ ಜನವರಿಯಲ್ಲಿ ಹೊರಬಂತು. ನಮ್ಮ ಜನಗಣತಿಯಲ್ಲಿ ಮೊಮ್ಮಕ್ಕಳಿಗೆ ಸಿಗುವುದು ಬರೀ ಅಂಕಿ. ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಅಂತಿದ್ದ ದಶಾಂಶ ತೆರಿಗೆಗಾಗಿ ಮಾಡಿದ, ವೇಲ್ಸಿನ ಸಾವಿರಕ್ಕೂ ಹೆಚ್ಚು ಊರುಗಳ ನಕ್ಷೆಗಳಲ್ಲಿ ಒಂದೊಂದು ಗದ್ದೆಗೂ ಸಂಖ್ಯೆ, ಎಷ್ಟೋ ಗದ್ದೆಗಳಿಗೆ ಹೆಸರೂ ಇದೆ: ದೊಡ್ಡ ಗದ್ದೆ, ಬಾವಿ ಗದ್ದೆ. ನಾವು ಹಕ್ಕಲು, ಬ್ಯಾಣ, ಮಾಗಿಗದ್ದೆ ಎಲ್ಲವನ್ನೂ ಸರ್ವೆ ನಂಬರಿಗೆ ಒಪ್ಪಿಸಿ ಕೈ ತೊಳೆದುಕೊಂಡೆವು.

ಎಲ್ಲಕ್ಕಿಂತ ಹೊಟ್ಟೆಕಿಚ್ಚು ಹುಟ್ಟಿಸುವುದು ಶಾಲೆಯ ಲಾಗ್‌ಬುಕ್ಕು. 1862ರ ನಿಯಮಾವಳಿಯ ನಂತರ ಅನುದಾನ ಪಡೆಯುವ ಪ್ರತಿ ಶಾಲೆಯ ಹೆಡ್‌ಮೇಷ್ಟರೂ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಆಗುಹೋಗು ಬರೆಯಲೇಬೇಕಿತ್ತು. ಅಭಿಪ್ರಾಯ ಬರೆಯಕೂಡದು ಅಂತ ಸ್ಪಷ್ಟ ತಾಕೀತು. ಅದರಿಂದಲೇ ಅದು ಓದಲು ಸೊಗಸು. ದಡಾರ ಬಂದು ಹಾಜರಿ ಅರ್ಧಕ್ಕಿಳಿಯಿತು, ಆಲೂಗಡ್ಡೆ ಅಗೆಯಲು ಮಕ್ಕಳು ಹೋದರು, ಮಳೆಗೆ ಬೂಟಿಲ್ಲದೆ ಇಂಥವರು ಬರಲಿಲ್ಲ, ಚಾಪೆಲ್ಲಿನ ಚಹಾಕೂಟಕ್ಕೆ ರಜೆ. ಅಡಿಕೆ ಕೊಯ್ಲಿಗೆ ಖಾಲಿಯಾಗುವ ನಮ್ಮ ಶಾಲೆಯ ಕಥೆಯೇ ಇದು. ಬರೆಯಲು ನಮಗೆ ಯಾರು ಅಡ್ಡ ಬಂದಿದ್ದರು?

ಕಾರ್ಡಿಫ್ ಹತ್ತಿರದ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ, ಮರ್ಥಿರ್ ಟಿಡ್‌ವಿಲ್‌ನಿಂದ ಎತ್ತಿ ತಂದ ಕಬ್ಬಿಣ ಕಾರ್ಖಾನೆ ಕೂಲಿಗಳ ಆರು ಮನೆಗಳ ಸಾಲಿದೆ. ಒಂದೊಂದು ಮನೆಯನ್ನೂ ಒಂದೊಂದು ಕಾಲಕ್ಕೆ ನಿಲ್ಲಿಸಿದ್ದಾರೆ: 1805, 1855, 1895, 1925, 1955, 1985. ಮೊದಲ ಮನೆಯ ಹೊಸ್ತಿಲಿಂದ ಆರನೆಯದಕ್ಕೆ ನಡೆದರೆ ಮೇಣದಬತ್ತಿ ಹೋಗಿ ಟಿ.ವಿ. ಬಂದಿರುತ್ತದೆ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಪಲ್ಲಕ್ಕಿ, ಕತ್ತಿ, ಹುಲಿಯ ತಲೆ. ಪಲ್ಲಕ್ಕಿ ಹೊತ್ತವರ ಮನೆಯ ಒಲೆ ಹೇಗಿತ್ತೋ.

ಹೊಟ್ಟೆಕಿಚ್ಚು ಸಿಟ್ಟಾಗುವ ಜಾಗ ಬೇರೆ. ಉತ್ತರ ವೇಲ್ಸಿನಲ್ಲಿ ಬಾಲಾ ಪಟ್ಟಣದ ಬಳಿ ಕಾಪೆಲ್ ಕೆಲಿನ್ ಅಂತ ಒಂದು ಊರಿತ್ತು. ಶಾಲೆ, ಚಾಪೆಲ್, ಅಂಚೆ ಕಚೇರಿ, ಹನ್ನೆರಡು ಮನೆ. ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು ಟ್ರವೆರಿನ್ ಹೊಳೆಗೆ ಅಣೆಕಟ್ಟು ಕಟ್ಟುವ ಮಸೂದೆ 1957ರಲ್ಲಿ ಪಾಸಾಯಿತು. ವೇಲ್ಸಿನ 36 ಸಂಸದರಲ್ಲಿ 35 ಮಂದಿ ವಿರೋಧಿಸಿದ್ದರೂ ಪ್ರಯೋಜನವಾಗಲಿಲ್ಲ. 1963ರಲ್ಲಿ ಶಾಲೆ ಮುಚ್ಚಿತು, 1965ರಲ್ಲಿ ಊರು ನೀರಿನಡಿ ಹೋಯಿತು. ಆ ಊರಿನ ಕೊನೆಯ ವರ್ಷಗಳ ಫೋಟೊಗಳನ್ನು ಜೆಫ್ ಚಾರ್ಲ್ಸ್ ಎಂಬ ಪತ್ರಿಕಾ ಛಾಯಾಗ್ರಾಹಕ ತೆಗೆದಿಟ್ಟರು, ಅಬರಿಸ್ಟ್ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವು ಇವೆ. ಶಾಲೆಯ ಬೆಂಚಿನಲ್ಲಿ ಕೂತ ಮಕ್ಕಳನ್ನು, 1956ರಲ್ಲಿ ಲಿವರ್‌ಪೂಲಿನ ಬೀದಿಯಲ್ಲಿ ಫಲಕ ಹಿಡಿದು ನಡೆದ ಊರವರನ್ನು ಇಂದಿಗೂ ನೋಡಬಹುದು. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು. 'ಟ್ರವೆರಿನ್ ನೆನಪಿರಲಿ' ಅಂತ ಹೆದ್ದಾರಿ ಬದಿಯ ಪಾಳುಗೋಡೆಯ ಮೇಲೆ ಬರೆದದ್ದನ್ನು ಯಾರಾದರೂ ಕೆಡಿಸಿದರೆ ಮರುದಿನವೇ ಇನ್ಯಾರೋ ಬರೆದು ಹೋಗುತ್ತಾರೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಒಂದೇ ವರ್ಷದ ಅಂತರ. ಶರಾವತಿಯ ಹಿನ್ನೀರಿನಡಿ ಹೋದದ್ದು ಹನ್ನೆರಡು ಮನೆಯಲ್ಲ, ಊರಿಗೆ ಊರೇ, ಸಾಲು ಸಾಲಾಗಿ. ರಾಜ್ಯಕ್ಕೆಲ್ಲ ದೀಪ ಹತ್ತಿತು. ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೋಗಿ ಕಾಡಿನಂಚಿನಲ್ಲಿ ಇಳಿದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಬಂದರೆ ನಾವು ಸೆಲ್ಫಿಗೆ ಹೋಗುತ್ತೇವೆ. ಮುಳುಗಿದ ಆ ಊರುಗಳ ಶಾಲೆಗಳಲ್ಲಿ 1962ರಲ್ಲಿ ಕೂತಿದ್ದ ಮಕ್ಕಳು ಯಾರು? ಭೂಸ್ವಾಧೀನದ ಕಡತದಲ್ಲಿ ಜಮೀನಿನ ಲೆಕ್ಕ ಇರುತ್ತದೆ, ಮನೆಯ ಲೆಕ್ಕ ಇರುತ್ತದೆ. ಮಗುವಿನ ಲೆಕ್ಕಕ್ಕೆ ಕಾಲಂ ಇಲ್ಲ. ಅಂದು ಎರಡನೇ ತರಗತಿಯಲ್ಲಿದ್ದವರಿಗೆ ಈಗ ಎಪ್ಪತ್ತರ ಮೇಲೆ. ಮಗ ಬೆಂಗಳೂರಿನಲ್ಲಿ, ಅವರು ಜಗಲಿಯಲ್ಲಿ. ಕೇಳಿದರೆ ಇವತ್ತೂ ದಾರಿ ಹೇಳುತ್ತಾರೆ: ಹೊಳೆ ದಾಟಿ, ಗೋಳಿಮರದ ಹತ್ತಿರ ಬಲಕ್ಕೆ.

ಇಷ್ಟೆಲ್ಲ ಬೈದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ.

ಆ ಲಾಗ್‌ಬುಕ್ಕು ಪ್ರೀತಿಯಿಂದ ಹುಟ್ಟಿದ್ದಲ್ಲ. ಮಕ್ಕಳ ಹಾಜರಿ ಮತ್ತು ಪರೀಕ್ಷೆಯ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿಯಿದ್ದ ಕಾಲ ಅದು. ದಡಾರದ ಲೆಕ್ಕ ಬರೆದದ್ದು ದುಡ್ಡು ಕಡಿತವಾದರೆ ಕಾರಣ ಇರಲಿ ಅಂತ. ಗದ್ದೆಯ ಹೆಸರು ಬರೆದದ್ದು ತೆರಿಗೆಗೆ. ವೇಲ್ಸಿನ ಲಾಗ್‌ಬುಕ್ಕುಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಮನೆಯಲ್ಲಿ ಇಂಗ್ಲಿಷಿನ ಗಂಧವಿಲ್ಲದ ಮಕ್ಕಳ ಬಗ್ಗೆ. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ 'ವೆಲ್ಷ್ ನಾಟ್' ಎಂಬ ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಬ್ಬ ಮಾತಾಡಿದರೆ ಅವನಿಗೆ ವರ್ಗ, ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಏಟು. ಕನ್ನಡ ಮಾತಾಡಿದರೆ ದಂಡ ಹಾಕುವ ಕಾನ್ವೆಂಟುಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಗದ ಇದ್ದ ಮಾತ್ರಕ್ಕೆ ಯಾರಾದರೂ ಓದುತ್ತಾರೆ ಅಂತಲೂ ಇಲ್ಲ. ದಕ್ಷಿಣ ವೇಲ್ಸಿನ ಗಣಿ ಊರಾದ ಅಬರ್‌ವಾನ್‌ನಲ್ಲಿ ಪಾಂಟ್‌ಗ್ಲಾಸ್ ಶಾಲೆಯ ಹಿಂದಿನ ಕಲ್ಲಿದ್ದಲ ಕಸದ ಗುಡ್ಡದಿಂದ ಅಪಾಯವಿದೆ ಅಂತ 1963ರಲ್ಲೇ ಪತ್ರ ಹೋಗಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಗುಡ್ಡ ಜಾರಿತು. ಸತ್ತವರು 144, ಅವರಲ್ಲಿ 116 ಮಕ್ಕಳು. ಬದುಕುಳಿದ ಮಕ್ಕಳಲ್ಲಿ ಅನೇಕರು ದಶಕಗಟ್ಟಲೆ ಬಾಯಿ ಬಿಡಲಿಲ್ಲ. ಆ ಕಣಿವೆಗಳಲ್ಲಿ ರೆಕಾರ್ಡರ್ ಹಿಡಿದು ಹೋಗುವವರಿಗೆ ಒಂದು ಪಾಠ ಮೊದಲೇ ಹೇಳಿರುತ್ತಾರೆ: ಆ ದಿನದ ಬಗ್ಗೆ ನೀವಾಗಿ ಕೇಳಬೇಡಿ, ಅವರಾಗಿ ಹೇಳಿದರೆ ಯಂತ್ರ ನಿಲ್ಲಿಸಬೇಕೇ ಅಂತ ಕೇಳಿ.

ಇವರ ಜಾಣತನವೂ ಕೈ ಕೊಟ್ಟದ್ದುಂಟು. 1086ರ ಡೂಮ್ಸ್‌ಡೇ ಜಮೀನು ದಾಖಲೆಗೆ 900 ವರ್ಷವಾಯಿತೆಂದು 1986ರಲ್ಲಿ ಬಿಬಿಸಿ ದೇಶವನ್ನು 4 ಕಿ.ಮೀ. ಉದ್ದ 3 ಕಿ.ಮೀ. ಅಗಲದ ಚೌಕಗಳಾಗಿ ಕತ್ತರಿಸಿ, ಸುಮಾರು 9,000 ಶಾಲೆಗಳ ಮಕ್ಕಳಿಂದ ತಂತಮ್ಮ ಊರಿನ ಬಗ್ಗೆ ಬರೆಸಿತು. ಎಲ್ಲವನ್ನೂ ಲೇಸರ್ ಡಿಸ್ಕಿಗೆ ಹಾಕಿದರು. ಅದನ್ನು ಓದುವ ಯಂತ್ರವೇ ಬಲು ದುಬಾರಿ, ಹೆಚ್ಚಿನ ಶಾಲೆಗಳು ಕೊಳ್ಳಲೇ ಇಲ್ಲ. ಹದಿನೈದು ವರ್ಷದೊಳಗೆ ಯಂತ್ರಗಳು ಮೂಲೆ ಸೇರಿ ಡಿಸ್ಕು ಬರೀ ತಟ್ಟೆಯಾಯಿತು. ಪಡಬಾರದ ಪಾಡು ಪಟ್ಟು ಹೊರತೆಗೆಯಬೇಕಾಯಿತು. 1086ರ ಚರ್ಮದ ಹಾಳೆ ಮಾತ್ರ ಈಗಲೂ ಕಣ್ಣಿಟ್ಟರೆ ಓದಲು ಬರುತ್ತದೆ.

ನಮ್ಮಲ್ಲಿ ಏನೂ ಇಲ್ಲ ಅಂದರೆ ಬಯಲುಸೀಮೆಯ ಹೆಳವರು ಸಿಟ್ಟಾದಾರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಮನೆಯ ಮುಂದೆ ನಿಂತು ಏಳೆಂಟು ತಲೆಮಾರು ಗಡಗಡ ಹೇಳಿ, ಹೊಸ ಮಗುವಿನ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುವವರು. ತಲೆಮಾರಿನ ಲೆಕ್ಕದಲ್ಲಿ ಇಲ್ಲಿಯ ಯಾವ ಸಂಘ ಅವರಿಗೆ ಸಮ? ನಮ್ಮ ಸೊರಬ, ಸಾಗರದ ವೀರಗಲ್ಲುಗಳನ್ನಾದರೂ ನೋಡಿ. ತುರು ಬಿಡಿಸಲು ಹೋಗಿ ಸತ್ತವನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಕಲ್ಲಿನಲ್ಲಿದೆ. ಅರಸನಲ್ಲ ಅವನು, ಊರಿನ ಹುಡುಗ. ಅವುಗಳ ಪಾಠ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 8ನೇ ಸಂಪುಟದಲ್ಲಿದೆ. ಅದನ್ನು ಮಾಡಿಸಿದ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವರು, ಕೊನೆಯುಸಿರೆಳೆದದ್ದು 1927ರಲ್ಲಿ ಲಂಡನ್ ಪಕ್ಕದ ಹ್ಯಾರೋದಲ್ಲಿ. ಈ ಲೆಕ್ಕದಲ್ಲಿ ಅವರೂ ಒಬ್ಬ ಹೊರನಾಡಿಗರೇ, ಯಾವ ನಾಡಿನಿಂದ ಹೊರಗೆ ಅನ್ನುವುದು ಬೇರೆ ಪ್ರಶ್ನೆ.

ಮತ್ತೆ, ಎಲ್ಲರ ಜನ್ಮದಿನಾಂಕವನ್ನೂ ಜೂನ್ 1 ಅಂತ ಬರೆದ ನಮ್ಮ ಮೇಷ್ಟರ ಬಗ್ಗೆ ನಗುವ ಮುಂಚೆ ಇದು ಗೊತ್ತಿರಲಿ: 1841ರ ಜನಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಲು ಇಲ್ಲಿಯ ಸರ್ಕಾರವೇ ಹೇಳಿತ್ತು. 39ರ ಹೆಂಗಸು 35.

ಈಗ ಊರಿನ ಶಾಲೆಯ ಆ ಫೋಟೊ. ಹೆಡ್‌ಮೇಷ್ಟರ ಕೋಣೆಯಲ್ಲಿ ತೂಗುಹಾಕಿದ, ಮಳೆಗಾಲದ ತೇವಕ್ಕೆ ಅಂಚೆಲ್ಲ ಬೂಷ್ಟು ಹಿಡಿದ, ಗಾಜಿಗೆ ಅಂಟಿಕೊಂಡ ಫೋಟೊಗಳು ಹಳೆಯ ಶಾಲೆಗಳಲ್ಲಿ ಬೇಕಾದಷ್ಟಿವೆ. ಯಾರಾದರೂ ಕೈ ಹಾಕುವುದಾದರೆ ಗಾಜಿನಿಂದ ಫೋಟೊ ಎಬ್ಬಿಸಲು ಹೋಗಬೇಡಿ; ಮುಖಗಳೇ ಗಾಜಿಗೆ ಹತ್ತಿಕೊಂಡು ಬರುತ್ತವೆ. ಫ್ರೇಮಿನ ಸಮೇತ ಜಗಲಿಗೆ ತಂದು, ಬಿಸಿಲು ನೇರ ಬೀಳದ ಕಡೆ ಕೊಂಚ ಓರೆಯಾಗಿ ಒರಗಿಸಿ, ಎದುರಿಗೆ ಒಬ್ಬರು ಕಪ್ಪು ಕಂಬಳಿ ಹಿಡಿದು ನಿಲ್ಲಲಿ, ಗಾಜಿನಲ್ಲಿ ಆಕಾಶ ಹೊಳೆಯುವುದಿಲ್ಲ. ಫ್ಲ್ಯಾಶ್ ಹಾಕದೆ ಸಾಲಿಗೊಂದರಂತೆ ತೆಗೆಯಿರಿ. ದೊಡ್ಡದಾಗಿ ಪ್ರಿಂಟು ಹಾಕಿಸಿ ತಲೆಗೆ ಸಂಖ್ಯೆ ಕೊಟ್ಟು ಒಬ್ಬೊಬ್ಬರ ಮನೆಗೇ ಒಯ್ಯಿರಿ. ಮೊದಲು ಕುರ್ಚಿಯವರನ್ನು ಕೇಳಬೇಡಿ. ಮೂಲೆಯಲ್ಲಿ ಗಂಟೆ ಹೊಡೆಯುವ ಕೊಡತಿ ಹಿಡಿದು ನಿಂತ ಜವಾನನನ್ನು ಕೇಳಿ. ಅವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಬಾಯಿ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.